ಹತ್ತಿರದವರಿಗೆ ಮೊದಲು ಗೊತ್ತಾಗಲಿ



ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದಲ್ಲಿ ಕುಶಿರೊ ಎಂಬ ಊರಿದೆ. ಮೀನುಗಾರರ ಬಂದರು. ಬೇಸಿಗೆಯಲ್ಲಿ ದಿನಗಟ್ಟಲೆ ಮಂಜು ಮುಸುಕಿರುತ್ತದೆ, ಚಳಿಗಾಲದ ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುತ್ತದೆ. ಊರಂಚಿಗೇ ಆ ದೇಶದ ಅತಿ ದೊಡ್ಡ ಜೌಗು ಪ್ರದೇಶ. ಅಂಥ ಕಡೆ ಮರೆವಿನ ಕಾಯಿಲೆಯವರೊಬ್ಬರು ಉಟ್ಟ ಬಟ್ಟೆಯಲ್ಲೇ ಮನೆಯಿಂದ ಹೊರಬಿದ್ದು ದಾರಿ ತಪ್ಪಿದರೆ ಬೆಳಗಿನವರೆಗೆ ಜೀವ ಉಳಿಯುವುದೇ ಕಷ್ಟ. 1990ರ ಸುಮಾರಿಗೆ ಅಲ್ಲಿ ಹಾಗೇ ಆಯಿತು. ಮನೆಬಿಟ್ಟು ಹೋದ ವೃದ್ಧೆಯೊಬ್ಬರು ಹೆಣವಾಗಿ ಸಿಕ್ಕರು.

ಇಂಥ ರೋಗಿಗಳನ್ನು ನೋಡಿಕೊಳ್ಳುವ ಮನೆಯವರು ಆ ಊರಿನಲ್ಲಿ ಆಗಲೇ ಒಂದು ಸಂಘ ಕಟ್ಟಿಕೊಂಡಿದ್ದರು. ಅವರು ಸುಮ್ಮನೆ ಕೂರಲಿಲ್ಲ. ಪೊಲೀಸರೂ ಮನೆಯವರೂ ಮಾತ್ರ ಹುಡುಕಿದರೆ ಸಾಲದು, ಆ ಹೊತ್ತಿನಲ್ಲಿ ರಸ್ತೆಯ ಮೇಲಿರುವ ಎಲ್ಲರಿಗೂ ಸುದ್ದಿ ಮುಟ್ಟಬೇಕು ಎಂದು ಪಟ್ಟು ಹಿಡಿದರು. 1994ರಲ್ಲಿ ಪೊಲೀಸ್ ಠಾಣೆ, ಆರೋಗ್ಯ ಕೇಂದ್ರ, ನಗರಾಡಳಿತ, ಟ್ಯಾಕ್ಸಿ ಕಂಪನಿಗಳು, ಊರಿನ ಎಫ್‌.ಎಂ. ಬಾನುಲಿ ಇವೆಲ್ಲ ಸೇರಿ ಒಂದು ಜಾಲ ಸಿದ್ಧವಾಯಿತು. ಅದಕ್ಕೆ ಎಸ್‌.ಒ.ಎಸ್‌. ನೆಟ್‌ವರ್ಕ್ ಎಂದು ಹೆಸರಿಟ್ಟರು. ಮನೆಯವರು ಪೊಲೀಸರಿಗೆ ಒಂದು ಫೋನ್ ಮಾಡಿದರೆ ಸಾಕು, ಕಾಣೆಯಾದವರ ಚಹರೆ ಟ್ಯಾಕ್ಸಿಯವರ ವೈರ್‌ಲೆಸ್ಸಿಗೂ ಹೋಗುತ್ತದೆ, ಬಾನುಲಿಗೂ ಹೋಗುತ್ತದೆ. ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ವ್ಯಕ್ತಿ ಸಿಕ್ಕಮೇಲೂ ಕೆಲಸ ಮುಗಿಯಿತು ಎಂದು ಅವರು ಕೈತೊಳೆದುಕೊಳ್ಳುವುದಿಲ್ಲ. ವೈದ್ಯರ ತಪಾಸಣೆಯಾಗುತ್ತದೆ, ಆಮೇಲೆ ಆರೋಗ್ಯ ಕಾರ್ಯಕರ್ತೆ ಆ ಮನೆಗೆ ಹೋಗಿ, ನೋಡಿಕೊಳ್ಳುವವರು ಎಷ್ಟು ದಣಿದಿದ್ದಾರೆ, ಏನು ನೆರವು ಬೇಕು ಎಂದು ವಿಚಾರಿಸುತ್ತಾರೆ. ಒಮ್ಮೆ ಮನೆಬಿಟ್ಟು ಹೋದವರು ಮತ್ತೊಮ್ಮೆ ಹೋಗುತ್ತಾರೆ ಎಂಬುದು ಅನುಭವಿಗಳಿಗೆಲ್ಲ ಗೊತ್ತು.

ಡಿಮೆನ್ಷಿಯಾ ಎಂಬ ಈ ಮರೆವಿನ ಕಾಯಿಲೆ ಇರುವ ಹಿರಿಯರು ಕಾಣೆಯಾದಾಗ ಸಾರ್ವಜನಿಕರಿಗೆ ಸುದ್ದಿ ಮುಟ್ಟಿಸುವ ಇಂಥ ವ್ಯವಸ್ಥೆಗಳ ಬಗ್ಗೆ ಇವತ್ತು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ನಾನು ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ರಾಜ್ಯಕ್ಕೆಲ್ಲ ಕೇಳುವಂತೆ ನಾಳೆ ಕೂಗುವುದಕ್ಕಿಂತ, ನಾಲ್ಕು ಬೀದಿಗೆ ಕೇಳುವಂತೆ ಈಗಲೇ ಹೇಳುವುದು ಮೇಲು.

ಯಾಕೆ ಹಾಗೆ ಹೇಳುತ್ತೇನೆ ಎನ್ನುವುದಕ್ಕೆ ಈ ಕಾಯಿಲೆಯವರು ನಡೆದುಕೊಳ್ಳುವ ರೀತಿಯೇ ಕಾರಣ. ಅಮೆರಿಕದ ರಾಬರ್ಟ್ ಕೋಸ್ಟರ್ ಎಂಬುವರು ದಾರಿ ತಪ್ಪಿದವರ ನಡವಳಿಕೆಯನ್ನೇ ಅಧ್ಯಯನಕ್ಕೆ ತೆಗೆದುಕೊಂಡವರು. ಸಾವಿರಾರು ಹುಡುಕಾಟಗಳ ದಾಖಲೆಗಳನ್ನು ಕಲೆಹಾಕಿ 2008ರಲ್ಲಿ ಒಂದು ಪುಸ್ತಕ ತಂದರು. ಕಾಡಿನಲ್ಲಿ ದಾರಿ ತಪ್ಪಿದ ಚಾರಣಿಗ ಕೂಗುತ್ತಾನೆ, ಬೆಂಕಿ ಹಾಕುತ್ತಾನೆ, ದಾರಿ ಸಿಗುತ್ತದೇನೋ ಎಂದು ಎತ್ತರ ಹತ್ತಿ ನೋಡುತ್ತಾನೆ. ಮರೆವಿನ ಕಾಯಿಲೆಯವರು ಇದೊಂದನ್ನೂ ಮಾಡುವುದಿಲ್ಲ. ತಾವು ದಾರಿ ತಪ್ಪಿದ್ದೇವೆ ಎಂದೇ ಅವರಿಗೆ ಅನ್ನಿಸಿರುವುದಿಲ್ಲ. ನೆಟ್ಟಗೆ ನಡೆಯುತ್ತಾ ಹೋಗುತ್ತಾರೆ. ಪೊದೆಯೋ ಬೇಲಿಯೋ ಚರಂಡಿಯೋ ಅಡ್ಡ ಬಂದು ಕಾಲು ಸಿಕ್ಕಿಕೊಂಡ ಕಡೆ ನಿಲ್ಲುತ್ತಾರೆ. ಹುಡುಕುವವರು ಹತ್ತು ಮಾರು ದೂರದಲ್ಲಿ ಹೆಸರು ಹಿಡಿದು ಕರೆದರೂ ಓಗೊಡುವುದಿಲ್ಲ. ಸಹಾಯ ಬೇಕೆಂದು ಯಾರನ್ನೂ ಕೇಳುವುದಿಲ್ಲ. ಎಷ್ಟೋ ಸಲ ಅವರು ಹೊರಟಿರುವುದು ಹಿಂದೆ ಬಾಳಿದ ಮನೆಗೆ, ಇಲ್ಲವೆ ದುಡಿದ ಜಾಗಕ್ಕೆ. ನೋಡಿದವರ ಕಣ್ಣಿಗೆ ಅವರು ಕಾಣೆಯಾದವರಂತೆ ಕಾಣುವುದೇ ಇಲ್ಲ. ಎಲ್ಲಿಗೋ ಕೆಲಸದ ಮೇಲೆ ಹೊರಟ ಹಿರಿಯರಂತೆ ಕಾಣುತ್ತಾರೆ.

ಜಪಾನಿನ ಪೊಲೀಸ್ ಇಲಾಖೆ ಹೀಗೆ ಕಾಣೆಯಾದವರ ಲೆಕ್ಕವನ್ನು ಪ್ರತಿವರ್ಷ ಬಿಡಿಯಾಗಿ ಪ್ರಕಟಿಸುತ್ತದೆ. ಡಿಮೆನ್ಷಿಯಾ ಕಾರಣದಿಂದ ಕಾಣೆಯಾದವರ ಸಂಖ್ಯೆ 2012ರಲ್ಲಿ 9,607. 2023ರಲ್ಲಿ 19,039. 2024ರಲ್ಲಿ ತುಸು ಇಳಿದು 18,121. ಬಹುಪಾಲು ಜನ ದೂರು ಕೊಟ್ಟ ದಿನವೋ ಒಂದು ವಾರದೊಳಗೋ ಸಿಕ್ಕಿಬಿಡುತ್ತಾರೆ. ಆದರೂ 2024ರಲ್ಲಿ 491 ಮಂದಿ ಬದುಕಿ ಬರಲಿಲ್ಲ. ಅವರ ದೇಹ ಸಿಕ್ಕಿದ ಜಾಗಗಳನ್ನು ಗುರುತು ಹಾಕಿ ನೋಡಿದಾಗ ಮುಕ್ಕಾಲು ಪಾಲಿಗೂ ಹೆಚ್ಚು ಜನ ಹೊರಟ ಜಾಗದಿಂದ 5 ಕಿಲೋಮೀಟರಿನ ಒಳಗೇ ಇದ್ದರು. ಹೊಳೆ, ಕಾಲುವೆ, ಗುಡ್ಡ. ನಡೆದು ಮುಟ್ಟುವಷ್ಟು ದೂರ. ಈ ಲೆಕ್ಕ ಓದಿದ ಮೇಲೆ ನನ್ನ ಮನಸ್ಸಿನಲ್ಲಿ ಈ ವಿಷಯದ ಚಿತ್ರವೇ ಬದಲಾಯಿತು.

ಜಪಾನಿನ ಸಣ್ಣ ಊರುಗಳಿಗೆ ಹೋದರೆ ಕಂಬಗಳ ಮೇಲೆ ಧ್ವನಿವರ್ಧಕಗಳು ಕಾಣಿಸುತ್ತವೆ. ಭೂಕಂಪ, ಸುನಾಮಿ ಬಂದಾಗ ಎಚ್ಚರಿಸಲು ಹಾಕಿದವು. ಹಿರಿಯರೊಬ್ಬರು ಮನೆಗೆ ಮರಳದಿದ್ದಾಗಲೂ ಅವೇ ಮಾತಾಡುತ್ತವೆ. ಇಂಥ ವಯಸ್ಸಿನ ಗಂಡಸು, ಇಷ್ಟು ಎತ್ತರ, ಕಂದು ಬಣ್ಣದ ಕೋಟು, ಬೆಳಿಗ್ಗೆ ಇಷ್ಟು ಗಂಟೆಯಿಂದ ಕಾಣುತ್ತಿಲ್ಲ, ಕಂಡವರು ಪೊಲೀಸರಿಗೆ ತಿಳಿಸಿ, ಇಷ್ಟೇ. ನಿಧಾನವಾಗಿ, ಎರಡು ಸಲ. ಮೊಬೈಲು ಬೇಡ, ಓದು ಬರಹ ಬೇಡ. ಹೊಲದಲ್ಲಿ ಕಳೆ ಕೀಳುತ್ತಿದ್ದವರಿಗೂ ಕೇಳಿಸುತ್ತದೆ. ಸಿಕ್ಕಿದ ಮೇಲೆ ಅದೇ ಧ್ವನಿವರ್ಧಕ, ಸುರಕ್ಷಿತವಾಗಿ ಸಿಕ್ಕರು, ಸಹಕರಿಸಿದ್ದಕ್ಕೆ ವಂದನೆ ಎಂದು ಹೇಳಿ ಮುಗಿಸುತ್ತದೆ. ಈ ಎರಡನೆಯ ಘೋಷಣೆ ಬಹಳ ಮುಖ್ಯ. ಸಿಕ್ಕರೋ ಇಲ್ಲವೋ ತಿಳಿಯದೆ ಹೋದರೆ ಜನ ಮುಂದಿನ ಸಲ ಕಿವಿಗೊಡುವುದನ್ನು ಕಡಿಮೆ ಮಾಡುತ್ತಾರೆ.

ಕೇಳಿದ ಮೇಲೆ ಜನ ಏನು ಮಾಡಬೇಕು ಎನ್ನುವುದು ಇನ್ನೂ ದೊಡ್ಡ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಿದ್ದು ದಕ್ಷಿಣದ ಒಮುತ ಎಂಬ ಊರು. ಒಂದು ಕಾಲಕ್ಕೆ ಮಿಯಿಕೆ ಕಲ್ಲಿದ್ದಲು ಗಣಿಯಿಂದ ಹೆಸರಾಗಿತ್ತು. 1997ರಲ್ಲಿ ಗಣಿ ಮುಚ್ಚಿತು. ದುಡಿಯುವ ವಯಸ್ಸಿನವರು ಊರು ಬಿಟ್ಟರು, ವಯಸ್ಸಾದವರು ಉಳಿದರು. 2004ರಲ್ಲಿ ಅಲ್ಲಿನ ಒಂದು ಬಡಾವಣೆಯವರು ತಾಲೀಮು ಮಾಡಿ ನೋಡೋಣ ಎಂದುಕೊಂಡರು. ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಶಾಲೆಗಳಲ್ಲಿ ಅಣಕು ಕಾರ್ಯಾಚರಣೆ ಮಾಡಿಸುತ್ತಾರಲ್ಲ, ಹಾಗೆ. ಒಬ್ಬರು ದಾರಿ ತಪ್ಪಿದ ಹಿರಿಯರ ಪಾತ್ರ ಹಾಕುತ್ತಾರೆ. ಚಹರೆಯ ಸಂದೇಶ ಊರಿಗೆ ಹೋಗುತ್ತದೆ. ಪಾತ್ರಧಾರಿ ಬೀದಿಯಲ್ಲಿ, ಅಂಗಡಿ ಮುಂದೆ, ಬಸ್ ನಿಲ್ದಾಣದಲ್ಲಿ ಸುಮ್ಮನೆ ನಡೆದುಕೊಂಡು ಹೋಗುತ್ತಾರೆ. ಊರಿನವರು ಗುರುತಿಸಬೇಕು, ಹತ್ತಿರ ಹೋಗಬೇಕು, ಮಾತನಾಡಿಸಬೇಕು.

ಈ ಮಾತನಾಡಿಸುವುದಿದೆಯಲ್ಲ, ಕೇಳಲು ಸುಲಭ, ಮಾಡಲು ಕಷ್ಟ. ಚಹರೆ ಕಣ್ಣಿಗೆ ಬಿದ್ದರೂ, ಅಪರಿಚಿತ ಹಿರಿಯರ ಮುಂದೆ ನಿಂತು ಏನೆಂದು ಕೇಳುವುದು? ತಪ್ಪು ತಿಳಿದುಕೊಂಡರೆ? ಸಿಟ್ಟು ಮಾಡಿಕೊಂಡರೆ? ಆ ಸಂಕೋಚವನ್ನು ಕಳೆಯುವುದಕ್ಕೇ ಈ ತಾಲೀಮು. ಶಾಲೆಯ ಮಕ್ಕಳೂ ಬರುತ್ತಾರೆ. ಮರೆವಿನ ಕಾಯಿಲೆಯ ಬಗ್ಗೆ ಮಕ್ಕಳಿಗೆಂದೇ ಬರೆಸಿದ ಚಿತ್ರಪುಸ್ತಕವನ್ನು ತರಗತಿಯಲ್ಲಿ ಓದಿಸಿರುತ್ತಾರೆ. ಹಿಂದಿನಿಂದ ಹೋಗಿ ಭುಜ ಮುಟ್ಟಬಾರದು, ಎದುರಿನಿಂದ ಬರಬೇಕು, ಒಬ್ಬರೇ ಮಾತನಾಡಬೇಕು, ಗುಂಪು ಕಟ್ಟಿಕೊಂಡು ಸುತ್ತುವರಿಯಬಾರದು ಎಂಬುದನ್ನೆಲ್ಲ ಮಕ್ಕಳು ಕಲಿತಿರುತ್ತಾರೆ. ಹಿರಿಯರು ಹೊರಗೆ ಹೋಗದಂತೆ ಬಾಗಿಲು ಹಾಕುವುದು ಒಮುತದವರ ಗುರಿಯಲ್ಲ. ಹಿರಿಯರು ನಿಶ್ಚಿಂತೆಯಿಂದ ತಿರುಗಾಡುವಂಥ ಊರು ಇರಬೇಕು ಎನ್ನುವುದು ಅವರು ಇಟ್ಟುಕೊಂಡ ಗುರಿ. ಕೆಲವೇ ವರ್ಷಗಳಲ್ಲಿ ಇಡೀ ನಗರ ಈ ತಾಲೀಮಿಗೆ ಕೈಹಾಕಿತು. ಬೇರೆ ಊರುಗಳಿಂದ ಜನ ನೋಡಲು ಬಂದರು.

ಇಷ್ಟೆಲ್ಲ ಮಾಡಿದ ದೇಶದಲ್ಲೂ ಏನಾಗಬಹುದು ಎನ್ನುವುದಕ್ಕೆ ಒಂದು ಪ್ರಸಂಗ ಹೇಳಬೇಕು. 2007ರಲ್ಲಿ ಗುನ್ಮ ಪ್ರಾಂತ್ಯದ ತತೆಬಯಾಶಿ ಊರಿನಲ್ಲಿ ಒಬ್ಬ ಮಹಿಳೆ ಪೊಲೀಸರಿಗೆ ಸಿಕ್ಕರು. ಹೆಸರು ಕೇಳಿದರೆ ಹೇಳಲಾರರು, ಊರು ತಿಳಿಯದು. ಅವರನ್ನು ವೃದ್ಧರ ಆರೈಕೆ ಕೇಂದ್ರಕ್ಕೆ ಸೇರಿಸಿದರು. ಟೋಕಿಯೋದ ಅಸಾಕುಸದಲ್ಲಿ ಅವರ ಗಂಡ ಅವರನ್ನು ಹುಡುಕುತ್ತಲೇ ಇದ್ದರು, ದೂರೂ ಕೊಟ್ಟಿದ್ದರು. ಹುಡುಕುವವರೂ ಇದ್ದಾರೆ, ಸಿಕ್ಕವರೂ ಇದ್ದಾರೆ, ನಡುವೆ ಏಳು ವರ್ಷ ಕಳೆಯಿತು! 2014ರ ಮೇ ತಿಂಗಳಲ್ಲಿ ಎನ್‌.ಎಚ್‌.ಕೆ. ಟೆಲಿವಿಷನ್ ಅವರ ಮುಖ ತೋರಿಸಿದಾಗ ಮನೆಯವರಿಗೆ ಗೊತ್ತಾಯಿತು. ಆಕೆಯ ಬಟ್ಟೆಯ ಮೇಲೆ ಹೆಸರು ಬರೆದಿತ್ತಂತೆ. ಪೊಲೀಸರು ಬೇರೆ ಠಾಣೆಗಳಿಗೆ ಕಳಿಸಿದ ಮಾಹಿತಿಯಲ್ಲಿ ಆ ಹೆಸರಿನ ಅಕ್ಷರಗಳು ಹಿಂದುಮುಂದಾಗಿದ್ದವು. ಎರಡು ಅಕ್ಷರ ಅದಲುಬದಲಾದದ್ದಕ್ಕೆ ಒಬ್ಬ ಹೆಂಡತಿ ಗಂಡನ ಕಣ್ಣಿಂದ ಏಳು ವರ್ಷ ಮರೆಯಾದರು. ಗುರುತು ಸಿಗದೆ ಆಶ್ರಯದಲ್ಲಿರುವವರ ವಿವರಗಳನ್ನು ಒಂದೇ ಕಡೆ ನೋಡುವ ಏರ್ಪಾಡನ್ನು ಜಪಾನ್ ಸರ್ಕಾರ ಮಾಡಿದ್ದು ಆ ವರ್ಷವೇ.

ಮನೆಯವರು ಎಚ್ಚರವಾಗಿದ್ದರೆ ಇದೆಲ್ಲ ಯಾಕೆ ಆಗುತ್ತದೆ ಎಂದು ಕೇಳುವವರಿದ್ದಾರೆ. ಅವರು ಜಪಾನಿನ ಓಬು ಊರಿನ ಮೊಕದ್ದಮೆಯನ್ನು ತಿಳಿದುಕೊಳ್ಳಬೇಕು. 2007ರ ಡಿಸೆಂಬರಿನಲ್ಲಿ ಅಲ್ಲಿನ 91 ವರ್ಷದ ವೃದ್ಧರೊಬ್ಬರು ರೈಲಿಗೆ ಸಿಕ್ಕಿ ತೀರಿಹೋದರು. ನೋಡಿಕೊಳ್ಳುತ್ತಿದ್ದ ಹೆಂಡತಿಗೆ 85 ವರ್ಷ. ಆಕೆಗೆ ಕೆಲವೇ ನಿಮಿಷ ಮಂಪರು ಹತ್ತಿತ್ತು. ಅಷ್ಟರಲ್ಲಿ ಅವರು ಹೊರಟುಹೋಗಿದ್ದರು. ರೈಲುಗಳು ತಡವಾದ ನಷ್ಟಕ್ಕೆಂದು ರೈಲ್ವೆ ಕಂಪನಿ ಮನೆಯವರಿಂದ 72 ಲಕ್ಷ ಯೆನ್ ಕೇಳಿತು. ಕೆಳಗಿನ ನ್ಯಾಯಾಲಯ ಕೊಡಿ ಎಂದಿತು, ಮೇಲಿನದು ಅರ್ಧಕ್ಕೆ ಇಳಿಸಿತು. 2016ರ ಮಾರ್ಚ್ 1ರಂದು ಸುಪ್ರೀಂ ಕೋರ್ಟು, ಮನೆಯವರು ಏನೂ ಕೊಡಬೇಕಾಗಿಲ್ಲ ಎಂದು ತೀರ್ಪು ಕೊಟ್ಟಿತು. ಆ ತೀರ್ಪು ಬರುವವರೆಗೆ ಆ ದೇಶದ ಎಷ್ಟು ಮನೆಗಳಲ್ಲಿ ಹಿರಿಯರ ಕೋಣೆಗೆ ಬೀಗ ಬಿದ್ದಿರಬಹುದೋ ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಯಾವ ಮನೆಯವರೂ ಇಪ್ಪತ್ತನಾಲ್ಕು ಗಂಟೆಯೂ ಕಣ್ಣು ಮುಚ್ಚದೆ ಕಾಯಲಾರರು. ಆ ಕೆಲವು ನಿಮಿಷಗಳನ್ನು ಊರು ಕಾಯಬೇಕು.

ಅಮೆರಿಕದ ದಾರಿ ಬೇರೆ. 1996ರಲ್ಲಿ ಟೆಕ್ಸಾಸಿನಲ್ಲಿ ಆಂಬರ್ ಎಂಬ ಒಂಬತ್ತು ವರ್ಷದ ಹುಡುಗಿಯ ಅಪಹರಣ ಮತ್ತು ಕೊಲೆಯಾದ ಮೇಲೆ, ಮಕ್ಕಳಿಗಾಗಿ ಆಂಬರ್ ಅಲರ್ಟ್ ಬಂತು. ಅದನ್ನೇ ಹಿರಿಯರಿಗೂ ವಿಸ್ತರಿಸೋಣ ಎಂದು 2006ರ ಸುಮಾರಿಗೆ ಓಕ್ಲಹೋಮಾ ರಾಜ್ಯದಲ್ಲಿ ಚರ್ಚೆಯಾಯಿತು. ಸಿಲ್ವರ್ ಅಲರ್ಟ್ ಎಂಬ ಹೆಸರು ಹಾಗೆ ಹುಟ್ಟಿತು. ಫ್ಲಾರಿಡಾದಲ್ಲಿ 2008ರಲ್ಲಿ ಜಾರಿಗೆ ಬಂತು. ಹೆದ್ದಾರಿಯ ಮೇಲಿನ ದೊಡ್ಡ ಮಿಂಚುಫಲಕಗಳಲ್ಲಿ ಕಾರಿನ ಬಣ್ಣ, ಮಾದರಿ, ನಂಬರು ಹೊಳೆಯುತ್ತವೆ. ಅಲ್ಲಿನ ಹಿರಿಯರು ಎಂಬತ್ತು ದಾಟಿದ ಮೇಲೂ ಕಾರು ಓಡಿಸುವವರು. ಕಾಣೆಯಾದವರು ಕಾರಿನಲ್ಲೇ ಇದ್ದರೆ ನೂರು ಮೈಲಿ ಆಚೆಯ ಫಲಕವೂ ಉಪಯೋಗಕ್ಕೆ ಬರುತ್ತದೆ. ನಡೆದು ಹೋದವರಿಗೆ ಹೆದ್ದಾರಿಯ ಫಲಕ ಏನೂ ಮಾಡಲಾರದು. ಜಾರ್ಜಿಯಾ ರಾಜ್ಯದ ಇಂಥದೇ ಎಚ್ಚರಿಕೆಯ ಕಾನೂನಿನ ಹಿಂದಿರುವ ಕತೆ ಅಂಥದೇ. ಅಟ್ಲಾಂಟಾದ 68 ವರ್ಷದ ಮ್ಯಾಟಿ ಎಂಬ ಮಹಿಳೆ 2004ರಲ್ಲಿ ಮನೆಯಿಂದ ಕಾಣೆಯಾದರು. ಎಂಟು ತಿಂಗಳ ಮೇಲೆ ದೇಹ ಸಿಕ್ಕಿತು. ಮನೆಯಿಂದ ಅರ್ಧ ಕಿಲೋಮೀಟರೂ ದೂರವಿರಲಿಲ್ಲ. 2006ರಲ್ಲಿ ಬಂದ ಅಲ್ಲಿನ ಕಾಯಿದೆಗೆ ಅವರದೇ ಹೆಸರು.

ದಕ್ಷಿಣ ಕೊರಿಯಾ 2021ರ ಜೂನಿನಿಂದ ಮೊಬೈಲುಗಳಿಗೇ ಸಂದೇಶ ಕಳಿಸುತ್ತಿದೆ. ಹೆಸರು, ವಯಸ್ಸು, ಎತ್ತರ, ತೂಕ, ಹಾಕಿಕೊಂಡ ಬಟ್ಟೆ, ಜೊತೆಗೊಂದು ಕೊಂಡಿ. ಆ ಸೀಮೆಯಲ್ಲಿರುವವರ ಫೋನುಗಳಿಗೆ ಮಾತ್ರ ಹೋಗುತ್ತದೆ. ಇದು ನನಗೆ ಸರಿಯಾದ ದಾರಿ ಎನ್ನಿಸುತ್ತದೆ. ತಮಗೆ ಸಂಬಂಧವೇ ಇಲ್ಲದ ದೂರದೂರಿನ ಎಚ್ಚರಿಕೆಗಳು ದಿನವೂ ಬಂದರೆ ಜನ ಓದದೆ ಅಳಿಸುತ್ತಾರೆ. ನಿಜಕ್ಕೂ ಪಕ್ಕದ ಬೀದಿಯವರು ಕಾಣೆಯಾದ ದಿನ ಆ ಸಂದೇಶವೂ ಹಾಗೇ ಅಳಿಸಿಹೋಗುತ್ತದೆ.

ಇನ್ನು ನಮ್ಮ ವಿಚಾರ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ ಡಿಮೆನ್ಷಿಯಾ ಇದೆ. ಒಟ್ಟು ಸುಮಾರು 88 ಲಕ್ಷ ಜನ. ಕರ್ನಾಟಕದಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಮೆದುಳು ಆರೋಗ್ಯದ ಯೋಜನೆ ಆರಂಭಿಸಿವೆ. ಜಿಲ್ಲಾ ಮಟ್ಟದಲ್ಲೇ ಈ ಕಾಯಿಲೆ ಗುರುತಿಸುವ ಕೆಲಸಕ್ಕೆ ಅಡಿಪಾಯ ಬಿದ್ದಿದೆ. ಆದರೆ ನಮ್ಮ ಬಹಳ ಮನೆಗಳಲ್ಲಿ ಇದಿನ್ನೂ ಕಾಯಿಲೆಯಲ್ಲ, ವಯಸ್ಸಾಯಿತು, ಅರಳುಮರಳು, ಅಷ್ಟೇ. ಹಾಗಾಗಿ ಅಜ್ಜ ಮನೆಗೆ ಬರಲಿಲ್ಲ ಎಂದಾಗ ಮೊದಲ ಎರಡು ಮೂರು ಗಂಟೆ, ಬರುತ್ತಾರೆ ಬಿಡಿ ಎನ್ನುವುದರಲ್ಲಿ ಕಳೆಯುತ್ತದೆ. ಆಮೇಲಿನ ಎರಡು ಮೂರು ಗಂಟೆ, ನಾಲ್ಕು ಜನಕ್ಕೆ ಗೊತ್ತಾದರೆ ಏನೆಂದುಕೊಂಡಾರು ಎಂಬ ಮುಜುಗರದಲ್ಲಿ ಕಳೆಯುತ್ತದೆ. ಅಷ್ಟು ಹೊತ್ತಿಗೆ ಕತ್ತಲಾಗಿರುತ್ತದೆ.

ಮೈಸೂರಿನ ನಮ್ಮ ಬೀದಿಯ ಹಿರಿಯರೊಬ್ಬರು ಪೋಸ್ಟ್‌ಮ್ಯಾನ್ ಆಗಿ ನಿವೃತ್ತರಾದವರು. ಒಂದು ಬೆಳಿಗ್ಗೆ ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಹೊರಟವರು ಊಟದ ಹೊತ್ತಾದರೂ ಬರಲಿಲ್ಲ. ಮಗ, ಅಳಿಯ, ನಾವು ಬೀದಿಯವರು ಬಸ್ ನಿಲ್ದಾಣ, ರೈಲು ನಿಲ್ದಾಣ, ಆಸ್ಪತ್ರೆ ಎಲ್ಲ ನೋಡಿ ಬಂದೆವು. ಫೋಟೋ ವಾಟ್ಸಾಪಿನಲ್ಲಿ ಹೋಯಿತು. ಹುಬ್ಬಳ್ಳಿಯಿಂದ, ಮಂಗಳೂರಿನಿಂದ ನೆಂಟರು ಫೋನ್ ಮಾಡಿ ವಿಚಾರಿಸತೊಡಗಿದರು. ಸಂಜೆಯ ಹೊತ್ತಿಗೆ ಅವರ ಹೆಂಡತಿಗೆ ಏನೋ ಹೊಳೆಯಿತು. 'ಅವರ ಹಳೇ ಬೀಟು ನಂಜುಮಳಿಗೆ ಕಡೆಯದು, ಅಲ್ಲಿ ನೋಡಿದ್ರಾ?' ಎಂದರು. ಅಲ್ಲಿಯ ಒಂದು ಬೀದಿಯ ಜಗಲಿಯ ಮೇಲೆ ಅವರು ಕುಳಿತಿದ್ದರು. ಬಾಯಿ ಒಣಗಿತ್ತು, ಬೇರೆ ತೊಂದರೆಯಿಲ್ಲ. ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ಹೇಳಿದರು: 'ಬೆಳಗ್ಗಿಂದ ಎರಡು ಸಲ ಬಂದ್ರು ಕಣಪ್ಪ. ಒಂದೊಂದು ಗೇಟಿನ ಮುಂದೂ ನಿಂತು ನಿಂತು ಹೋಗೋರು. ಯಾರದೋ ಮನೆ ಹುಡುಕ್ತಾವ್ರೆ ಅಂದ್ಕೊಂಡೆ. ನಂಗೊಂದು ಮಾತು ಗೊತ್ತಾಗಿದ್ರೆ ಕೂರಿಸ್ಕೊಂಡು ನೀರು ಕೊಟ್ಟಿರ್ತಿದ್ನಲ್ಲ.' ಹುಬ್ಬಳ್ಳಿಗೆ ಗೊತ್ತಾದ ಸುದ್ದಿ ಎರಡು ಕಿಲೋಮೀಟರ್ ದೂರದ ಆ ತಾಯಿಗೆ ಗೊತ್ತಿರಲಿಲ್ಲ. ಅವರ ಹತ್ತಿರ ಇದ್ದದ್ದು ಗುಂಡಿಯ ಫೋನು.

ನಮ್ಮಲ್ಲಿ ಸುದ್ದಿ ಮುಟ್ಟಿಸುವ ಸಾಧನಗಳಿಗೆ ಬರವಿಲ್ಲ. 2023ರ ಅಕ್ಟೋಬರಿನಲ್ಲಿ ಕರ್ನಾಟಕದ ಮೊಬೈಲುಗಳೆಲ್ಲ ಒಟ್ಟಿಗೆ ಸದ್ದು ಮಾಡಿ, ಇದು ಪರೀಕ್ಷಾರ್ಥ ಸಂದೇಶ ಎಂದು ತೋರಿಸಿದ್ದು ನಿಮಗೆ ನೆನಪಿರಬಹುದು. ದೂರಸಂಪರ್ಕ ಇಲಾಖೆಯೂ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ ಸೇರಿ ನಡೆಸಿದ ಪ್ರಯೋಗ ಅದು. ಒಂದು ಸೀಮೆಯ ಟವರುಗಳಿಂದ ಆ ಸೀಮೆಯ ಫೋನುಗಳಿಗೆ ಮಾತ್ರ ಹೋಗುವಂತೆ ಕಳಿಸಬಹುದಾದ ಸಂದೇಶ. ಪ್ರವಾಹಕ್ಕೆ, ಸಿಡಿಲಿಗೆ ಬಳಸುವ ದಾರಿಯಲ್ಲೇ, ಆ ಕಿವಿಗಡಚಿಕ್ಕುವ ಸದ್ದು ಮಾತ್ರ ಇಲ್ಲದಂತೆ, ಒಂದು ಪೊಲೀಸ್ ಠಾಣೆಯ ವ್ಯಾಪ್ತಿಗೆ ಹಿರಿಯರ ಚಹರೆ ಹೋಗಬಾರದೇಕೆ? ಹಳ್ಳಿಗಳಲ್ಲಿ ಡಂಗುರ ಸಾರುತ್ತಿದ್ದ ತಳವಾರರ ನೆನಪು ಇನ್ನೂ ಹಸಿಯಾಗಿದೆ. ಜಾತ್ರೆಯ ಮೈಕಿನಲ್ಲಿ, ಇಂಥ ಊರಿನ ಇಂಥವರ ಮಗು ಇಲ್ಲಿದೆ ಎಂದು ಕರೆಯುವುದನ್ನು ಕೇಳದವರಿಲ್ಲ. ಗುಡಿಗೆ ಮೈಕಿದೆ, ಮಸೀದಿಗೆ ಮೈಕಿದೆ. ಪಟ್ಟಣಗಳಲ್ಲಿ ದಿನಾ ಬೆಳಿಗ್ಗೆ ಹಾಡು ಹಾಕಿಕೊಂಡು ಪ್ರತಿ ಬೀದಿಯ ಪ್ರತಿ ತಿರುವಿಗೂ ಹೋಗುವ ಕಸದ ಆಟೋ ಇದೆ. ರಾತ್ರಿ ಕಾಣೆಯಾದವರ ಚಹರೆಯನ್ನು ಬೆಳಿಗ್ಗೆ ಆರೂವರೆಗೆ ಮನೆ ಮನೆಗೆ ಮುಟ್ಟಿಸಲು ಇದಕ್ಕಿಂತ ಒಳ್ಳೆಯ ವಾಹನ ನನಗೆ ತೋರುತ್ತಿಲ್ಲ. ಅದನ್ನು ಓಡಿಸುವ ಪೌರಕಾರ್ಮಿಕರಿಗೆ ಯಾವ ಜಗಲಿಯ ಮೇಲೆ ಯಾರು ಮಲಗಿದ್ದರು ಎನ್ನುವುದೂ ಗೊತ್ತಿರುತ್ತದೆ.

ಬಸ್ ಕಂಡಕ್ಟರುಗಳನ್ನೂ ಈ ಜಾಲಕ್ಕೆ ಸೇರಿಸಬೇಕು. 2023ರ ಜೂನಿನಲ್ಲಿ, ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದಮೇಲೆ ಅಜ್ಜಿಯೊಬ್ಬರು ಕೈಯಲ್ಲಿ ಕಾಸಿಲ್ಲದೆಯೂ ದೂರದ ಊರಿಗೆ ಹೋಗಿಬಿಡಬಹುದು. ಅವರು ತೋರಿಸುವ ಗುರುತಿನ ಚೀಟಿಯನ್ನು ಕಣ್ಣಾರೆ ನೋಡುವವರು ಕಂಡಕ್ಟರು. ಡಿಪೋದಿಂದ ಅವರ ಫೋನಿಗೆ ಒಂದು ಸಂದೇಶ ಬಂದಿದ್ದರೆ ಅಲ್ಲೇ ಗೊತ್ತಾಗಿಹೋಗುತ್ತದೆ.

ಇಂಥ ಸಂದೇಶ ಪೊಲೀಸರ ಹೆಸರಿನಲ್ಲಿ, ಠಾಣೆಯ ನಂಬರಿನ ಜೊತೆಗೇ ಬರಬೇಕು ಎಂದು ನಾನು ಒತ್ತಿ ಹೇಳುತ್ತೇನೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಏನಾಯಿತು ಎಂದು ನಾವು ಮರೆಯಬಾರದು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಮೊಬೈಲ್ ವದಂತಿಯನ್ನು ನಂಬಿದ ಗುಂಪು, ದಾರಿಯಲ್ಲಿ ಹೋಗುತ್ತಿದ್ದ ಹೈದರಾಬಾದಿನ ತರುಣನೊಬ್ಬನನ್ನು ಹೊಡೆದು ಕೊಂದಿತು. ತನ್ನ ಹೆಸರನ್ನೂ ಹೇಳಲಾರದ, ಕೇಳಿದ್ದಕ್ಕೆ ಉತ್ತರ ಕೊಡದ, ಕಂಡವರ ಮನೆಯ ಬಾಗಿಲು ತನ್ನದೆಂದು ತಟ್ಟುವ ಹಿರಿಯರೊಬ್ಬರು ಅಂಥ ಗುಂಪಿನ ಕೈಗೆ ಸಿಕ್ಕರೆ ಗತಿಯೇನು? ಈ ಕಾಯಿಲೆ ಎಂದರೆ ಏನೆಂದು ಊರಿಗೆ ಮೊದಲೇ ಗೊತ್ತಿರಬೇಕು.

ಕಾನೂನು ನಮ್ಮ ಕಡೆಗಿದೆ. ಇಪ್ಪತ್ತನಾಲ್ಕು ಗಂಟೆ ಕಾದ ಮೇಲೆ ದೂರು ಕೊಡಬೇಕು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅಂಥ ಯಾವ ನಿಯಮವೂ ಇಲ್ಲ. ಹತ್ತಿರದ ಬೀದಿಗಳನ್ನು ಒಂದು ಸುತ್ತು ನೋಡಿ, ಸಿಗಲಿಲ್ಲವೆಂದರೆ ತಕ್ಷಣ 112ಕ್ಕೆ ಫೋನ್ ಮಾಡಿ. ಡಿಮೆನ್ಷಿಯಾ ಇದೆ ಎಂಬುದನ್ನು ಮುಚ್ಚಿಡದೆ ಹೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ದಿಕ್ಕು ಮತ್ತು ನೆನಪಿಗೆ ಸಂಬಂಧಿಸಿದ ತೀವ್ರ ತೊಂದರೆಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಅದರ 100ನೆಯ ಕಲಮಿನಂತೆ, ಹಾಗೆ ಅಲೆಯುತ್ತಿರುವವರು ಸಿಕ್ಕರೆ ಕಾಣೆಯಾದವರೆಂದು ಎಫ್‌.ಐ.ಆರ್‌. ದಾಖಲಿಸಿ ಮನೆಯವರನ್ನು ಪತ್ತೆಹಚ್ಚುವುದು ಠಾಣಾಧಿಕಾರಿಯ ಕರ್ತವ್ಯ. ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ಬೆಂಗಳೂರಿನವರಿಗೆ 1090 ಇದೆ.

ಬೀದಿಯಲ್ಲಿ ಹೀಗೆ ಯಾರಾದರೂ ಕಂಡರೆ ಏನು ಮಾಡಬೇಕು? ಎದುರಿನಿಂದ ಹೋಗಿ. ಕೈಮುಗಿದು, ಅಜ್ಜಿ ಎಂದೋ ಯಜಮಾನರೇ ಎಂದೋ ಮಾತನಾಡಿಸಿ. ನಿಮ್ಮ ಹೆಸರೇನು, ಊರೇನು, ಮನೆ ಎಲ್ಲಿ ಎಂದು ಒಂದರ ಮೇಲೊಂದು ಕೇಳಬೇಡಿ. ಉತ್ತರ ಹೊಳೆಯದೆ ಅವರಿಗೆ ಗಾಬರಿಯಾಗುತ್ತದೆ. ಬಿಸಿಲು ಜಾಸ್ತಿ, ಒಂದು ಲೋಟ ನೀರು ಕುಡಿದು ಹೋಗಿ ಎನ್ನಿ. ಅವರು ಆಫೀಸಿಗೆ ಹೊರಟಿದ್ದೇನೆ ಎಂದರೆ, ನಿಮಗೆ ರಿಟೈರಾಗಿ ಎಷ್ಟು ವರ್ಷವಾಯಿತು ಎಂದು ವಾದಕ್ಕಿಳಿಯಬೇಡಿ. ಅವರು ಕುಳಿತರೆ ಅರ್ಧ ಕೆಲಸ ಆದಂತೆ. ಆಗ 112ಕ್ಕೆ ಫೋನ್ ಮಾಡಿ, ಪೊಲೀಸರು ಬರುವವರೆಗೆ ಜೊತೆಯಲ್ಲೇ ಇರಿ. ಕಾಣಿಸಿದರು ಎಂದು ಫೋಟೋ ತೆಗೆದು ಹಂಚಿ ಹೊರಟುಹೋದರೆ, ಐದು ನಿಮಿಷದಲ್ಲಿ ಅವರು ಇನ್ನೊಂದು ತಿರುವು ದಾಟಿರುತ್ತಾರೆ. ಸಿಕ್ಕ ಮೇಲೆ, ಹಂಚಿದ ಫೋಟೋವನ್ನು ಎಲ್ಲ ಕಡೆಯಿಂದಲೂ ಅಳಿಸಿ. ಅವರ ಕಾಯಿಲೆ, ಅವರ ಮುಖ ಜೀವನವಿಡೀ ಊರ ಮೊಬೈಲುಗಳಲ್ಲಿ ಸುತ್ತಬೇಕಾಗಿಲ್ಲ.

ಕೊನೆಯದಾಗಿ, ಇಂಥ ಹಿರಿಯರಿರುವ ಮನೆಯವರಿಗೆ ಒಂದು ಕೆಲಸ. ಇಂಗ್ಲೆಂಡಿನ ಪೊಲೀಸರು ಹರ್ಬರ್ಟ್ ಪ್ರೋಟೋಕಾಲ್ ಎಂಬ ನಮೂನೆಯೊಂದನ್ನು ಬಳಸುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ನಾರ್ಮಂಡಿಯ ಕಡಲತೀರದಲ್ಲಿ ಇಳಿದ ಸೈನಿಕ ಜಾರ್ಜ್ ಹರ್ಬರ್ಟ್ ವಯಸ್ಸಾದ ಮೇಲೆ ಮರೆವಿನ ಕಾಯಿಲೆಗೆ ಸಿಕ್ಕಿ, ಬಾಲ್ಯದ ಮನೆಯನ್ನು ಹುಡುಕಿಕೊಂಡು ಹೋಗಿ ತೀರಿಕೊಂಡರು. ಅವರ ಹೆಸರಿನ ಈ ನಮೂನೆಯನ್ನು, ಹಿರಿಯರು ಕಾಣೆಯಾಗುವುದಕ್ಕೆ ಮೊದಲೇ ಮನೆಯವರು ತುಂಬಿಸಿಟ್ಟಿರುತ್ತಾರೆ. ಗಾಬರಿಯಲ್ಲಿದ್ದಾಗ ಹೆತ್ತ ತಂದೆಯ ಎತ್ತರವೂ ಬಾಯಿಗೆ ಬರುವುದಿಲ್ಲ. ನಮಗೆ ಅಚ್ಚಾದ ನಮೂನೆ ಬೇಕಿಲ್ಲ, ಒಂದು ಬಿಳಿಹಾಳೆ ಸಾಕು. ಇತ್ತೀಚಿನ ಫೋಟೋ ಅಂಟಿಸಿ. ಮದುವೆಯ ಫೋಟೋ ಬೇಡ, ಮನೆಯಲ್ಲಿ ದಿನಾ ಇರುವ ಹಾಗಿನದು. ಎತ್ತರ, ಮೈಬಣ್ಣ, ಮಚ್ಚೆ, ಹಳೆಯ ಗಾಯದ ಗುರುತು. ಆಡುವ ಭಾಷೆ. ತೆಗೆದುಕೊಳ್ಳುವ ಮಾತ್ರೆಗಳು, ಅದರಲ್ಲೂ ಸಕ್ಕರೆ ಕಾಯಿಲೆಯದು. ಹುಟ್ಟಿದ ಊರು, ಬಾಳಿದ ಹಳೆಯ ಮನೆಗಳು, ದುಡಿದ ಜಾಗ, ಓಡಾಡುತ್ತಿದ್ದ ಬಸ್ಸಿನ ದಾರಿ, ಹೋಗುತ್ತಿದ್ದ ಗುಡಿ. ಮನೆಯ ಸುತ್ತ ಇರುವ ಕೆರೆ, ಬಾವಿ, ನಾಲೆ, ರೈಲುಹಳಿ; ಹುಡುಕಲು ಹೋದವರು ಮೊದಲು ನೋಡಬೇಕಾದದ್ದು ಅಲ್ಲಿ. ಯಾವ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಾರೆ ಎಂಬುದನ್ನೂ ಬರೆಯಿರಿ. ಎಷ್ಟೋ ಹಿರಿಯರಿಗೆ ದಾಖಲೆಯ ಹೆಸರು ಮರೆತಿರುತ್ತದೆ, ತವರಿನಲ್ಲಿ ಕರೆಯುತ್ತಿದ್ದ ಹೆಸರು ನೆನಪಿರುತ್ತದೆ. ಈ ಹಾಳೆಯ ಒಂದು ಪ್ರತಿ ಮನೆಯ ಕ್ಯಾಲೆಂಡರಿನ ಹಿಂದೆ ಇರಲಿ, ಒಂದು ಎದುರುಮನೆಯವರ ಹತ್ತಿರ ಇರಲಿ, ಬೀದಿ ತುದಿಯ ಅಂಗಡಿಯವರಿಗೂ ಆಟೋ ನಿಲ್ದಾಣದವರಿಗೂ ಅಪ್ಪನನ್ನು, ಅಮ್ಮನನ್ನು ಕರೆದುಕೊಂಡು ಹೋಗಿ ಒಮ್ಮೆ ಮುಖತಃ ಪರಿಚಯ ಮಾಡಿಸಿ, ನಿಮ್ಮ ಫೋನ್ ನಂಬರು ಕೊಟ್ಟು ಬನ್ನಿ.